ಲೋಜಾನಾ ಎಣಿಸಿದ ಆಮೆಗಳು

ಕಾಮೆನ್ ದೋಲ್ ಊರಿನ ಹೆಂಗಸರಲ್ಲಿ ಲೋಜಾನಾಳಷ್ಟು ಕಡಿಮೆ ಮಾತಿನವಳು ಇನ್ನೊಬ್ಬಳಿರಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಇಪ್ಪತ್ತನೇ ವಯಸ್ಸಿಗೆ ಕುರಿಗಾರ ವಾಂಗೆಲನನ್ನು ಮದುವೆಯಾಗಿ ಗುಡ್ಡದಾಚೆಯ ಊರಿನಿಂದ ಬಂದಳು. ಮಕ್ಕಳಾಗಲಿಲ್ಲ. ವಾಂಗೆಲನಿಗೆ ಎಂಬತ್ತು ಕುರಿ, ಒಂದು ಕತ್ತೆ, ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಹೆಂಡತಿಯ ಮೇಲೆ ಒಂದು ದಿನವೂ ಕೈಯೆತ್ತಿದವನಲ್ಲ. ಮಕ್ಕಳಿಲ್ಲವೆಂದು ಚುಚ್ಚಿ ಮಾತಾಡಿದವನೂ ಅಲ್ಲ. ಬೇರೆ ಯಾರಾದರೂ ಆ ಮಾತೆತ್ತಿದರೆ, "ನಿಮ್ಮನೇಲಿ ಹುಟ್ಟಿದ್ದಾವಲ್ಲ, ಅವನ್ನ ನೋಡಿದ್ರೆ ನಮಗೆ ಆಗದೇ ಇದ್ದದ್ದೇ ಒಳ್ಳೇದಾಯ್ತು ಅನ್ಸುತ್ತೆ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಲೋಜಾನಾಳಿಗೆ ಮೂವತ್ತೆಂಟು ತುಂಬಿದ ವರ್ಷ ಊರಿನ ಶಾಲೆ ಮುಚ್ಚಿತು. ಓದುವುದಕ್ಕೆ ಮಕ್ಕಳೇ ಇರಲಿಲ್ಲ. ಅದೇ ಮೇ ತಿಂಗಳಲ್ಲಿ ಆ ಖಾಲಿ ಕಟ್ಟಡಕ್ಕೆ ಪಟ್ಟಣದ ಕಾಲೇಜೊಂದರಿಂದ ಹದಿನೆಂಟು ಜನ ಹುಡುಗ ಹುಡುಗಿಯರು ಬಂದಿಳಿದರು. ಮೊದಲ ವರ್ಷದ ಜೀವಶಾಸ್ತ್ರದವರು. ಅವರನ್ನು ಕರೆತಂದವಳು ಕೊಸಾರಾ ಮಿತ್ರೇವಾ ಎಂಬ ಟೀಚರು: ಸಣಕಲು ಹೆಂಗಸು, ಕಾಲಿಗೆ ಗಂಡಸರ ಬೂಟು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ಹತ್ತು ದಿನ ಗುಡ್ಡ ಸುತ್ತಿ ಅಲ್ಲಿನ ನೆಲದ ಆಮೆಗಳನ್ನು ಎಣಿಸುವುದು ಅವರ ಪಾಠವಂತೆ. ಬೇಯಿಸಿ ಹಾಕುವುದಕ್ಕೆ ಒಬ್ಬರು ಬೇಕಿತ್ತು.

"ಹದಿನೆಂಟು ಹೊಟ್ಟೆಗೆ ಬೇಯಿಸ್ತೀಯಾ? ನಂದೊಂದು ಹೊಟ್ಟೆಗೇ ಉಪ್ಪು ಸರಿ ಹಾಕಲ್ಲ ನೀನು" ಎಂದ ವಾಂಗೆಲ.

"ಅವರು ನಿನ್ನಷ್ಟು ಗೊಣಗಲಿಕ್ಕಿಲ್ಲ" ಎಂದು ಹೇಳಿ ಲೋಜಾನಾ ಹೋದಳು.

ಮೂರನೇ ದಿನ ಮಧ್ಯಾಹ್ನ ಬೀನ್ಸ್ ಕಾಳಿನ ಮಡಕೆಯನ್ನು ಕತ್ತೆಯ ಮೇಲೆ ಹೇರಿಕೊಂಡು ಗುಡ್ಡ ಹತ್ತಿದಳು. ಹುಡುಗರು ಓಕ್ ಪೊದೆಗಳ ನಡುವೆ ಹಗ್ಗ ಎಳೆದು, ಸಾಲಾಗಿ ನಡೆದು, ಎರಡೂವರೆ ದಿನದಲ್ಲಿ ನಾಲ್ಕು ಆಮೆ ಹಿಡಿದಿದ್ದರು. ಎಲ್ಲರ ಮುಖವೂ ಸಪ್ಪೆ.

"ಇಲ್ಲಿ ಆಮೆ ಕಮ್ಮಿ ಅಂತ ಕಾಣುತ್ತೆ, ಅತ್ತೆ" ಎಂದ ಒಬ್ಬ ಹುಡುಗ.

"ಕಮ್ಮೀನಾ? ನಾನು ಕೆಳಗಿಂದ ಬರೋ ದಾರೀಲೇ ಹನ್ನೊಂದು ನೋಡ್ದೆ" ಎಂದಳು ಲೋಜಾನಾ.

ಹುಡುಗ ನಕ್ಕ. ಟೀಚರು ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, "ಎಲ್ಲಿ, ತೋರಿಸಿ" ಎಂದಳು.

ತೋರಿಸಿದಳು. ಆಮೆಯನ್ನು ಕಣ್ಣಿಂದ ಹುಡುಕಬಾರದು, ಕಿವಿಯಿಂದ ಹುಡುಕಬೇಕು ಎಂಬುದು ಅವಳಿಗೆ ಗುಡ್ಡದಲ್ಲಿ ಸೊಪ್ಪು, ಚಹಾಕ್ಕೆ ಹಾಕುವ ಕಾಡುಗಿಡ ಕೀಳುತ್ತಾ ತಾನಾಗಿಯೇ ತಿಳಿದ ವಿಷಯ. ಒಣ ತರಗೆಲೆಯ ಮೇಲೆ ಹಲ್ಲಿ ಓಡಿದರೆ ಸರಕ್ಕೆಂದು ಸದ್ದಾಗಿ ನಿಂತುಹೋಗುತ್ತದೆ. ಆಮೆ ನಡೆದರೆ ವಯಸ್ಸಾದ ಮನುಷ್ಯ ಕಾಲೆಳೆದುಕೊಂಡು ಹೋದ ಹಾಗೆ, ನಿಲ್ಲದೆ. ಗಂಡು ಆಮೆ ಹೆಣ್ಣನ್ನು ಅಟ್ಟಿಸಿಕೊಂಡು ಹೋಗಿ ಚಿಪ್ಪಿಗೆ ಚಿಪ್ಪು ಗುದ್ದುವ ಟಕ್ ಟಕ್ ಸದ್ದಂತೂ ಎರಡು ಗದ್ದೆ ಆಚೆಗೂ ಕೇಳುತ್ತದೆ. ಬೆಳಿಗ್ಗೆ ಮೂಡಣದ ಬಂಡೆಗಳ ಬುಡದಲ್ಲಿ ಮೈ ಕಾಯಿಸುತ್ತವೆ, ಬಿಸಿಲೇರಿದರೆ ಮುಳ್ಳುಪೊದೆಯ ಅಡಿಗೆ ಸರಿಯುತ್ತವೆ. ಅಂದು ಸಂಜೆಯೊಳಗೆ ಇಪ್ಪತ್ತಮೂರು ಆಮೆ ಸಿಕ್ಕವು. ಮರುದಿನದಿಂದ ಅಡಿಗೆಯನ್ನು ಬೆಳಗಾಗುವ ಮೊದಲೇ ಮುಗಿಸಿ ಲೋಜಾನಾ ಅವರ ಮುಂದೆ ಮುಂದೆ ನಡೆದಳು.

ಸಿಕ್ಕ ಆಮೆಯ ಚಿಪ್ಪಿನ ಅಂಚಿನಲ್ಲಿ ಟೀಚರು ಅರದಿಂದ ಸಣ್ಣ ಕಚ್ಚು ಹಾಕುತ್ತಿದ್ದಳು. ಅಂಚಿನ ಬಿಲ್ಲೆಗಳಲ್ಲಿ ಬಲಗಡೆಯವು ಬಿಡಿಗೆ, ಎಡಗಡೆಯವು ಹತ್ತಕ್ಕೆ, ಹಿಂದಿನವು ನೂರಕ್ಕೆ. ಯಾವ ಬಿಲ್ಲೆಯಲ್ಲಿ ಕಚ್ಚು ಇದೆ ಎಂದು ನೋಡಿದರೆ ಆಮೆಯ ನಂಬರು ತಿಳಿಯುತ್ತದೆ. ಬರೆದುಕೊಂಡು, ತೂಕ ನೋಡಿ, ಸಿಕ್ಕಿದಲ್ಲೇ ಬಿಟ್ಟುಬಿಡುವುದು. ಒಬ್ಬ ಹುಡುಗಿ ಆಮೆಯನ್ನು ಗಕ್ಕನೆ ಎತ್ತಿದಾಗ ಅದು ಅವಳ ಪ್ಯಾಂಟಿನ ಮೇಲೆ ನೀರು ಬಿಟ್ಟಿತು. ಎಲ್ಲರೂ ನಗುತ್ತಿದ್ದರೆ ಲೋಜಾನಾ ಮಾತ್ರ ಸಿಡುಕಿದಳು: "ನಗ್ತೀರಲ್ಲ! ಬೇಸಿಗೆ ಪೂರ್ತಿಗೆ ಅಂತ ಒಟ್ಟಿಟ್ಕೊಂಡಿರೋ ನೀರು ಅದು. ಇನ್ನು ಆಗಸ್ಟಲ್ಲಿ ಏನು ಕುಡೀಬೇಕು ಅದು, ನಿನ್ನ ಪ್ಯಾಂಟಾ?"

ಕೊನೆಯ ದಿನ ಎಣಿಕೆಯ ಪಾಠ. ಎಲ್ಲ ಆಮೆಗಳನ್ನೂ ಹಿಡಿಯಲಾಗದು. ಹಾಗಿದ್ದರೆ ಗುಡ್ಡದಲ್ಲಿ ಒಟ್ಟು ಎಷ್ಟಿವೆ ಎಂದು ಹೇಳುವುದು ಹೇಗೆ? ಟೀಚರು ಲೋಜಾನಾಳ ಬಿಳಿ ಬೀನ್ಸ್ ಕಾಳಿನ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ನಲವತ್ತು ಬಿಳಿ ಕಾಳು ತೆಗೆದು, ಬದಲಿಗೆ ನಲವತ್ತು ಕೆಂಪು ಕಾಳು ಹಾಕಿ ಕಲಸಿದಳು. ಆಮೇಲೆ ಕಣ್ಣುಮುಚ್ಚಿ ಐವತ್ತು ಕಾಳು ತೆಗೆಸಿದಳು. ಐದು ಕೆಂಪು ಬಂದವು.

ಹುಡುಗರು ಕಾಗದದ ಮೇಲೆ ಗೀಚುತ್ತಿರುವಾಗಲೇ ಒಲೆಯ ಹತ್ತಿರದಿಂದ ಲೋಜಾನಾ ಹೇಳಿದಳು: "ನಾನೂರು."

"ಹೇಗೆ ಹೇಳಿದ್ರಿ, ಅಕ್ಕ?" ಎಂದಳು ಟೀಚರು.

"ಹತ್ತರಲ್ಲಿ ಒಂದು ಕೆಂಪು. ಕೆಂಪು ಒಟ್ಟು ನಲವತ್ತು. ಇನ್ನೇನು?" ಸೌಟು ಕೆಳಗಿಟ್ಟಳು. "ಆದ್ರೆ ಟೀಚರಮ್ಮ, ಕಾಳನ್ನ ನೀವು ಕಲಸಿದ್ರಿ. ಆಮೇನ ಯಾರು ಕಲಸ್ತಾರೆ? ಬಂಡೆ ಹತ್ರದ್ದು ಬಂಡೆ ಹತ್ರಾನೇ ಇರುತ್ತೆ, ತೊರೆ ಹತ್ರದ್ದು ತೊರೆ ಹತ್ರ. ನೀವು ಬರೀ ಬಂಡೆ ಹತ್ರಾನೇ ಹಿಡೀತಾ ಇದ್ರೆ ಲೆಕ್ಕ ತಪ್ಪಲ್ವಾ?"

ಕೊಸಾರಾ ಹುಡುಗರ ಕಡೆ ತಿರುಗಿದಳು. "ಕೇಳಿಸ್ತಾ? ನಾನು ನಾಳೆ ಕ್ಲಾಸಲ್ಲಿ ಎರಡು ಗಂಟೆ ಹೇಳಬೇಕು ಅಂತಿದ್ದದ್ದು ಇದನ್ನೇ."

ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. ಪ್ರತಿ ಮೇ ತಿಂಗಳೂ ಹೊಸ ಹುಡುಗರು, ಅದೇ ಟೀಚರು, ಅದೇ ಬೀನ್ಸ್ ಕಾಳು. ನಂಬರು ಹಾಕಿಸಿಕೊಂಡ ಆಮೆಗಳು ನಾನೂರ ಹನ್ನೆರಡಾದವು. ಊರಲ್ಲಿ ಅವಳಿಗೆ 'ಆಮೆ ಲೋಜಾನಾ' ಎಂದೇ ಹೆಸರಾಯಿತು. "ಕೂಳು ಬೇಯಿಸೋಕೆ ಹೋದೋಳು ಪ್ರೊಫೆಸರಾಗಿ ಬಂದ್ಲು" ಎಂದು ವಾಂಗೆಲ ಹೆಂಡದಂಗಡಿಯಲ್ಲಿ ಹಂಗಿಸುತ್ತಿದ್ದ. ಆದರೆ ಆ ಮಾತು ಹೇಳುವಾಗ ಅವನ ಎದೆ ಒಂದು ಬೆರಳು ಉಬ್ಬುತ್ತಿದ್ದುದನ್ನು ಅವನ ಬಾಲ್ಯದ ಗೆಳೆಯ, ಪಕ್ಕದ ಮನೆಯ ಜೇನು ಸಾಕುವ ಮೆತೋದಿ ಎಲ್ಲರಿಗೂ ತೋರಿಸಿ ನಗಿಸುತ್ತಿದ್ದ.

ಈ ವರ್ಷಗಳಲ್ಲಿ ಊರಿನ ಕುರಿಗಳು ಕಡಿಮೆಯಾದವು. ಮೇಯುವ ಬಾಯಿ ಇಲ್ಲದೆ ಗುಡ್ಡದ ಹುಲ್ಲುಗಾವಲನ್ನು ಜುನಿಪರ್ ಎಂಬ ಮುಳ್ಳುಪೊದೆ ನುಂಗತೊಡಗಿತು. ಹಿಂದಿನಿಂದಲೂ ಅಲ್ಲಿನ ಕುರಿಗಾರರು ಶರತ್ಕಾಲದ ಮೊದಲ ಮಳೆ ಬಿದ್ದ ಮೇಲೆ ಪೊದೆಗಳ ಅಂಚಿಗೆ ಬೆಂಕಿ ಹಚ್ಚುವುದು ರೂಢಿ. ನೆಲ ಹಸಿಯಿರುವುದರಿಂದ ಬೆಂಕಿ ಅಂಚಿನಲ್ಲೇ ಆರುತ್ತದೆ, ಸುಟ್ಟಲ್ಲಿ ಎಳೆ ಹುಲ್ಲು ಬರುತ್ತದೆ. ಹತ್ತೊಂಬತ್ತು ವರ್ಷ ತುಂಬಿದ ಆ ಬೇಸಿಗೆ ಮಾತ್ರ ವಾಂಗೆಲ ಮಳೆಗೆ ಕಾಯಲಿಲ್ಲ. ಆಗಸ್ಟ್ ನಡುವಿನ ಒಂದು ಬೆಳಿಗ್ಗೆ ಸೀಮೆಎಣ್ಣೆಯ ಡಬ್ಬಿ, ಕೈಕುಂಟೆ ತೆಗೆದುಕೊಂಡು ಹೊರಟ. ಲೋಜಾನಾ ಜಗಲಿಯಲ್ಲಿ ಕೂತು ಉದ್ದನೆ ಸೂಜಿಯಲ್ಲಿ ಹೊಗೆಸೊಪ್ಪು ಪೋಣಿಸುತ್ತಿದ್ದಳು.

"ಮಳೆ ಬರ್ಲಿ ಅಂತಿದ್ನಲ್ಲ ನಿಮ್ಮಪ್ಪ?" ಎಂದಳು.

"ನಮ್ಮಪ್ಪ ಸತ್ತ, ಮಳೇನೂ ಅವನ ಜೊತೆ ಸತ್ತೋಯ್ತು. ಕುರಿಗಳ ಪಕ್ಕೆಲುಬು ಎಣಿಸ್ಬಹುದು, ನೋಡಿದ್ಯಾ? ಗಾಳಿ ಇಲ್ಲ, ಒಂದೆಲೆ ಅಲ್ಲಾಡ್ತಿಲ್ಲ. ಒಂದು ಸಣ್ಣ ಪಟ್ಟಿ ಸುಟ್ಟು ಬಂದ್ಬಿಡ್ತೀನಿ."

ಆಗಸ್ಟಿನ ಬಿಸಿಲಿಗೆ ಆಮೆಗಳು ಎಲ್ಲಿ ಮಲಗಿರುತ್ತವೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅದೇ ಪೊದೆಗಳ ಬುಡದಲ್ಲಿ, ತರಗೆಲೆ ಹೊದ್ದುಕೊಂಡು. ಮಾತು ನಾಲಗೆಯ ತುದಿಗೆ ಬಂತು. ಆಮೆಗೋಸ್ಕರ ಕುರಿ ಸಾಯಿಸಲಾ ಎಂದು ಅವನು ರೇಗುತ್ತಾನೆ ಎನಿಸಿತು. ಸೂಜಿಯಲ್ಲಿ ಸೊಪ್ಪು ಅರ್ಧ ತುಂಬಿತ್ತು. ಸುಮ್ಮನಾದಳು.

ಹತ್ತು ಗಂಟೆಗೆ ಗಾಳಿ ಎದ್ದಿತು.

ಬೆಂಕಿ ಎರಡು ದಿನ ಉರಿಯಿತು. ಊರಿಗೆ ಊರೇ ಹಸಿ ಕೊಂಬೆ ಹಿಡಿದು ಬಡಿಯಿತು. ಎಲ್ಲರಿಗಿಂತ ಮುಂದೆ ಇದ್ದವನು ವಾಂಗೆಲನೇ. ಹುಬ್ಬು ಸುಟ್ಟು, ಅಂಗಿಗೆ ಕಿಡಿ ತಾಗಿ ತೂತುಬಿದ್ದು, ಎಳೆದರೂ ಹಿಂದೆ ಬರಲಿಲ್ಲ. ಮನೆಗಳು ಉಳಿದವು. ಇಳಿಜಾರಿನಲ್ಲಿದ್ದ ಮೆತೋದಿಯ ನಲವತ್ತಾರು ಜೇನುಪೆಟ್ಟಿಗೆಗಳು ಉಳಿಯಲಿಲ್ಲ. ಕೊನೆಯ ಪೆಟ್ಟಿಗೆಗಳನ್ನು ಬರಿಗೈಯಲ್ಲಿ ಎಳೆಯಲು ಹೋಗಿ ಅವನ ಎರಡೂ ಅಂಗೈಯ ಚರ್ಮ ಸುಲಿದುಹೋಯಿತು. ಪೊಲೀಸರು ಬಂದು ಕೇಳಿದರು. ಎಲ್ಲರೂ ಗೊತ್ತಿಲ್ಲ ಎಂದರು. ಗೊತ್ತಿಲ್ಲದವರು ಯಾರೂ ಇರಲಿಲ್ಲ. ಮೆತೋದಿಯೂ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗೊತ್ತಿಲ್ಲವೆಂದೇ ಹೇಳಿದ. ಆದರೆ ಅಂದಿನಿಂದ ವಾಂಗೆಲನ ಜೊತೆ ಮಾತು ಬಿಟ್ಟ.

ಸೆಪ್ಟೆಂಬರಿನಲ್ಲಿ ಕೊಸಾರಾ ಐವರು ವಿದ್ಯಾರ್ಥಿಗಳ ಜೊತೆ ಬಂದಳು. ಈ ಸಲ ಅಳತೆಪಟ್ಟಿಯ ಜೊತೆ ಗೋಣಿಚೀಲಗಳನ್ನೂ ತಂದಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೂದಲೂ ಬೆಳ್ಳಗಾಗಿತ್ತು. ಬಸ್ಸಿಳಿದು ಗುಡ್ಡದ ಕಡೆ ನೋಡಿ, ಲೋಜಾನಾಳ ಕೈ ಹಿಡಿದುಕೊಂಡಳು.

ಗುಡ್ಡದಲ್ಲಿ ಕಿವಿಗೆ ಕೆಲಸವಿರಲಿಲ್ಲ. ಬೂದಿಯ ಮೇಲೆ ಕಾಲಿಟ್ಟರೆ ತಮ್ಮ ಹೆಜ್ಜೆಯ ಸದ್ದೂ ಕೇಳುತ್ತಿರಲಿಲ್ಲ. ಕಣ್ಣಿಗೆ ಮಾತ್ರ ಎಲ್ಲವೂ ಕಾಣುತ್ತಿತ್ತು. ಪೊದೆಯಿಲ್ಲದ ಮೇಲೆ ಮರೆ ಎಲ್ಲಿ? ಪ್ರತಿ ಸುಟ್ಟ ಬೊಡ್ಡೆಯ ಬುಡದಲ್ಲೂ ಒಂದೋ ಎರಡೋ ಗುಂಡನೆಯ ಬಿಳಿ ಚಿಪ್ಪು. ಮೇಲಿನ ಹಳದಿ ಕಪ್ಪು ಬಿಲ್ಲೆಗಳು ಶಾಖಕ್ಕೆ ಎದ್ದು ಉದುರಿಹೋಗಿ ಬರೀ ಮೂಳೆಯ ಬಟ್ಟಲು ಉಳಿದಿತ್ತು. ಆದರೆ ಅರ ಮೂಳೆಯವರೆಗೂ ಇಳಿದಿದ್ದರಿಂದ ಅಂಚಿನ ಕಚ್ಚುಗಳು ಹಾಗೇ ಇದ್ದವು. ಲೋಜಾನಾ ಒಂದೊಂದನ್ನೇ ಎತ್ತಿ, ಬೂದಿ ಒರೆಸಿ, ಹೆಬ್ಬೆರಳಿನಿಂದ ಅಂಚು ಸವರಿ ನಂಬರು ಹೇಳುತ್ತಿದ್ದಳು. ಒಬ್ಬ ಹುಡುಗಿ ಬರೆದುಕೊಳ್ಳುತ್ತಿದ್ದಳು.

"ಇನ್ನೂರ ಆರು. ಹೆಣ್ಣು. ಬರ್ಕೊಂಡ್ಯಾ, ಮಗಳೇ?"

"ಬರ್ಕೊಂಡೆ, ಅತ್ತೆ."

"ಮೂವತ್ತೊಂಬತ್ತು. ಗಂಡು. ಇದನ್ನ ಒಂದ್ಸಲ ತೊರೆಯಾಚೆ ಬಿಟ್ಟು ನೋಡಿದ್ರು ನಿಮ್ಮ ಕಾಲೇಜಿನೋರು. ಒಂಬತ್ತು ದಿನಕ್ಕೆ ವಾಪಸ್ ಬಂದು ಅದೇ ಬಂಡೆ ಹತ್ರ ಕೂತಿತ್ತು."

ಹುಡುಗಿಯ ಪೆನ್ನು ನಿಂತಿತು. ಕೇಳಿದಳು: "ಬೆಂಕಿ ಹೇಗೆ ಬಂತು, ಅತ್ತೆ?"

"ಗೊತ್ತಿಲ್ಲ" ಎಂದಳು ಲೋಜಾನಾ. ಪಕ್ಕದಲ್ಲೇ ಇದ್ದ ಕೊಸಾರಾ ತಲೆಯೆತ್ತಿ ಅವಳನ್ನು ನೋಡಿದಳು. ಮತ್ತೆ ಬಗ್ಗಿ ಕೆಲಸಕ್ಕೆ ತೊಡಗಿದಳು. ಆ ಟೀಚರ ಎದುರು ಲೋಜಾನಾ ಹೇಳಿದ ಮೊದಲ ಸುಳ್ಳು ಅದು.

ಸಂಜೆ ಮನೆಗೆ ಬಂದು ವಾಂಗೆಲನ ಮುಂದೆ ಊಟ ಇಟ್ಟಳು. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯ ಮಸಿ ಹೋಗಿರಲಿಲ್ಲ. ಅವನು ಅದನ್ನೇ ನೋಡುತ್ತಾ ಕೂತಿದ್ದ.

"ಎಷ್ಟು ಸಿಕ್ತು?"

"ಇವತ್ತು ಅರವತ್ತೊಂದು."

"ನಂಬರ್ ಇದ್ದದ್ದು?"

"ಮೂವತ್ತೆಂಟು."

ಅವನು ತಟ್ಟೆ ಸರಿಸಿದ. "ಹೇಳಿದ್ಯಾ ಅವರಿಗೆ?"

"ಇಲ್ಲ."

"ಯಾಕೆ?"

"ಕೇಳಿದ್ರು, ಗೊತ್ತಿಲ್ಲ ಅಂದೆ. ನಿನ್ನ ಹೆಂಡ್ತಿ ಅಲ್ವಾ ನಾನು" ಎಂದಳು. ಆಮೇಲೆ, ಒಲೆಯ ಕಡೆ ಮುಖಮಾಡಿ, "ಆವತ್ತು ನಾನು ತಡೀಬೇಕಿತ್ತು. ಅವು ಅಲ್ಲೇ ಮಲಗಿರ್ತಾವೆ ಅಂತ ಗೊತ್ತಿತ್ತು ನಂಗೆ."

"ತಡೆದಿದ್ರೆ ನಾನು ನಿಲ್ತಿದ್ನಾ?"

"ಇಲ್ಲ."

"ಮತ್ತೆ?"

"ನಿಲ್ತಿರ್ಲಿಲ್ಲ. ಆದ್ರೂ ನಾನು ಹೇಳಿರ್ತಿದ್ದೆ."

ವಾಂಗೆಲ ಎದ್ದು ಕುರಿಹಟ್ಟಿಗೆ ಹೋದ.

ಮರುದಿನ ಬಿಸಿಲೇರುವ ಹೊತ್ತಿಗೆ ಅವನು ಗುಡ್ಡ ಹತ್ತಿ ಬರುವುದು ಕಾಣಿಸಿತು. ಭಾನುವಾರ ಚರ್ಚಿಗೆ ಹಾಕುವ ಕೋಟು ತೊಟ್ಟಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೊಸಾರಾಳ ಮುಂದೆ ನಿಂತ.

"ಬೆಂಕಿ ಹಚ್ಚಿದ್ದು ನಾನು, ಟೀಚರಮ್ಮ. ಹುಲ್ಲಿಗೋಸ್ಕರ. ಇವಳಿಗೆ ಇದರಲ್ಲಿ ಏನೂ ಇಲ್ಲ. ನೆನ್ನೆ ಸುಳ್ಳು ಹೇಳಿದ್ಲಂತೆ, ಅದೂ ನನ್ನ ಲೆಕ್ಕಕ್ಕೇ ಹಾಕ್ಕೊಳ್ಳಿ."

ಕೊಸಾರಾಳ ಕೈಯಲ್ಲಿ ಒಂದು ಚಿಪ್ಪಿತ್ತು. ಅದನ್ನು ಚೀಲಕ್ಕೂ ಹಾಕದೆ ನೆಲಕ್ಕೂ ಇಡದೆ ನಿಂತಿದ್ದಳು.

"ಇದನ್ನ ನಾನು ಬರೀಲೇಬೇಕಾಗುತ್ತೆ, ವಾಂಗೆಲಣ್ಣ" ಎಂದಳು ಕೊನೆಗೆ. "ಬರೆದ ಮೇಲೆ ಅದು ಇಲ್ಲೇ ಉಳಿಯಲ್ಲ."

"ಬರೀರಿ. ಅದಕ್ಕೇ ಬಂದೆ."

ಬರೆದಳು. ವಾಂಗೆಲ ಅಲ್ಲಿಂದ ಹೋಗಲಿಲ್ಲ. ಕೋಟು ಬಿಚ್ಚಿ ಬಂಡೆಯ ಮೇಲಿಟ್ಟು, ಒಂದು ಚೀಲ ತೆಗೆದುಕೊಂಡು, ಎಲ್ಲರಿಂದ ದೂರ, ಬೆಂಕಿ ಮೊದಲು ಹತ್ತಿದ ಪಟ್ಟಿಯ ಕಡೆಗೆ ನಡೆದ. ಸಂಜೆಯವರೆಗೂ ಬಗ್ಗಿಕೊಂಡೇ ಇದ್ದ. ನಂಬರು ಓದಲು ಬರುತ್ತಿರಲಿಲ್ಲವಾದ್ದರಿಂದ ಸಿಕ್ಕಿದ್ದನ್ನೆಲ್ಲ ತಂದು ಹೆಂಡತಿಯ ಮುಂದೆ ಸುರಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಅವಳ ಜೊತೆ ಆಮೆ ಹುಡುಕಿದ್ದು ಅದೊಂದೇ ಸಲ.

ಒಂಬತ್ತು ದಿನದಲ್ಲಿ ಇನ್ನೂರ ಎಪ್ಪತ್ತೊಂದು ಚಿಪ್ಪು ಸಿಕ್ಕವು. ಅದರಲ್ಲಿ ನೂರ ಅರವತ್ತಮೂರಕ್ಕೆ ನಂಬರಿತ್ತು. ಜೀವಂತ ಸಿಕ್ಕಿದ್ದು ಹದಿನಾಲ್ಕು. ಮಣ್ಣು ಅಗೆದು ಒಳಗಿಳಿದು ಮಲಗಿದ್ದವು.

ವಾಂಗೆಲ ತಾನೇ ಹೋಗಿ ಪೊಲೀಸರಿಗೂ ಹೇಳಿದ. ಕೋರ್ಟು ಆರು ತಿಂಗಳ ಸಜೆ ಹಾಕಿ, ವಯಸ್ಸು ನೋಡಿ ಜೈಲಿಗೆ ಕಳಿಸದೆ ಬಿಟ್ಟಿತು. ಆದರೆ ಸುಟ್ಟ ಗುಡ್ಡಕ್ಕೆ ಕುರಿ ಹೊಡೆಯಬಾರದೆಂದು ಆಜ್ಞೆಯಾಯಿತು. ಬೇರೆ ಹುಲ್ಲು ಎಲ್ಲಿದೆ? ಚಳಿಗಾಲದೊಳಗೆ ಕುರಿಗಳನ್ನೆಲ್ಲ ಮಾರಿದ. ಕೊನೆಯ ಲಾರಿ ಹೋದ ಮೇಲೆ ಹಟ್ಟಿಯ ಬಾಗಿಲನ್ನು ಹಾಗೇ ತೆರೆದಿಟ್ಟ.

ಮರುವರ್ಷದಿಂದ ಕಾಲೇಜು ಹುಡುಗರನ್ನು ಸರೋವರದ ದಂಡೆಗೆ ಕಳಿಸತೊಡಗಿತು. ಅಲ್ಲಿ ಹಕ್ಕಿಗಳಿದ್ದವು. ಅದನ್ನು ಹೇಳಲು ಕೊಸಾರಾ ತಾನೇ ಬಂದಳು.

"ನಾನು ಬೇಡ ಅಂದೆ, ಅಕ್ಕ. ಬೆಂಕಿ ಆದ ಮೇಲೆ ಏನಾಗುತ್ತೆ ಅಂತ ನೋಡೋದೇ ದೊಡ್ಡ ಪಾಠ ಅಂದೆ. ಹದಿನೆಂಟು ಮಕ್ಕಳಿಗೆ ಹತ್ತು ದಿನದಲ್ಲಿ ಆರು ಆಮೆ ತೋರಿಸಿ ಏನು ಕಲಿಸ್ತೀರಿ ಅಂದ್ರು."

"ಅದೂ ಸರಿ ತಾನೇ" ಎಂದಳು ಲೋಜಾನಾ. "ನಾನು ನೋಡ್ತಿರ್ತೀನಿ ಬಿಡಿ. ನಂಬರು ಬರೆದು ಕಾಗದ ಹಾಕ್ತೀನಿ."

ಟೀಚರು ತಲೆಯಾಡಿಸಿದಳು. ಬಸ್ಸು ಬರುವವರೆಗೂ ಇಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದರು.

ಕುರಿಯಿಲ್ಲದ ವಾಂಗೆಲ ಎರಡು ವರ್ಷದಲ್ಲಿ ಹತ್ತು ವರ್ಷ ಮುದುಕನಾದ. ಹಗಲೆಲ್ಲ ಗೋಡೆಗೊರಗಿ ಬಿಸಿಲಿಗೆ ಕೂತಿರುತ್ತಿದ್ದ. ಬೇಲಿಯಾಚೆ ಮೆತೋದಿ ಓಡಾಡಿದರೆ ಎದ್ದು ನಿಲ್ಲುತ್ತಿದ್ದ. ಮೆತೋದಿ ತಿರುಗಿ ನೋಡದೆ ಹೋದ ಮೇಲೆ ಮತ್ತೆ ಕೂರುತ್ತಿದ್ದ. ಎರಡನೇ ಚಳಿಗಾಲದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ.

ಅವನು ಸತ್ತ ನಲವತ್ತನೇ ದಿನ, ಅಲ್ಲಿನ ರೂಢಿಯಂತೆ, ಲೋಜಾನಾ ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟಿನ ಪುಡಿ ಕಲಸಿ ಗೋರಿಯ ಹತ್ತಿರ ಬಂದವರಿಗೆಲ್ಲ ಹಂಚಿದಳು. ಊರಿನವರು ಒಬ್ಬೊಬ್ಬರಾಗಿ ಒಂದು ಚಮಚ ಗೋಧಿ ಬಾಯಿಗೆ ಹಾಕಿಕೊಂಡು, ಸತ್ತವರ ಬಗ್ಗೆ ಎಲ್ಲರೂ ಹೇಳುವ ಮಾತು ಹೇಳಿದರು: "ದೇವರು ಅವನನ್ನ ಕ್ಷಮಿಸಲಿ." ಎಲ್ಲರೂ ಇಳಿದುಹೋದ ಮೇಲೆ ಸ್ಮಶಾನದ ಗೇಟಿನಾಚೆ ನಿಂತಿದ್ದ ಮೆತೋದಿ ಒಳಗೆ ಬಂದ. ಚಮಚ ಹಿಡಿಯುವುದಕ್ಕೆ ಅವನ ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ. ಅಂಗೈಯ ಚರ್ಮ ಬಿಗಿದುಕೊಂಡೇ ಉಳಿದಿತ್ತು. ಲೋಜಾನಾ ಗೋಧಿಯನ್ನು ಅವನ ಅಂಗೈ ಮೇಲೇ ಹಾಕಿದಳು. ತಿಂದ. ತಿಂದು ಗೋರಿಯ ಮರದ ಶಿಲುಬೆಯ ಕಡೆ ತಿರುಗಿದ.

"ಗೋಧಿ ತಿಂದೆ, ಲೋಜಾನಾ. ಆ ಮಾತು ಬಾಯಿಗೆ ಬರ್ತಿಲ್ಲ. ಐವತ್ತು ವರ್ಷದ ಸ್ನೇಹ. ಒಂದ್ಸಲ ಬಂದು ನನ್ನ ಹತ್ರ ಹೇಳ್ಬಹುದಿತ್ತು. ಪೊಲೀಸಿಗೆ ಹೇಳ್ದ, ಟೀಚರಿಗೆ ಹೇಳ್ದ. ನಂಗೆ ಹೇಳ್ಲಿಲ್ಲ."

"ನಿನ್ನ ಕಂಡಾಗೆಲ್ಲ ಎದ್ದು ನಿಲ್ತಿದ್ನಲ್ಲ."

"ನೋಡ್ತಿದ್ದೆ."

"ಎದ್ದು ನಿಂತ್ರೂ ಮಾತು ಬರ್ತಿರ್ಲಿಲ್ಲ ಅವನಿಗೆ."

ಮೆತೋದಿ ತಲೆ ಅಲ್ಲಾಡಿಸಿದ. ಕಣ್ಣೊರೆಸಿಕೊಳ್ಳಲು ಮುಂಗೈ ಎತ್ತಿದ. "ನಂಗೂ ಬರ್ಲಿಲ್ಲ" ಎಂದ.

ಲೋಜಾನಾ ಗೋಧಿಯ ಪಾತ್ರೆಗೆ ಬಟ್ಟೆ ಮುಚ್ಚಿದಳು. ಇಬ್ಬರೂ ಜೊತೆಯಾಗಿ ಇಳಿದು, ತಂತಮ್ಮ ಗೇಟಿನ ಹತ್ತಿರ ಬೇರೆಯಾದರು.

ಆ ಮೇ ತಿಂಗಳು ಅವಳು ಒಬ್ಬಳೇ ಗುಡ್ಡ ಹತ್ತಿದಳು. ಸುಟ್ಟ ಬೊಡ್ಡೆಗಳ ಬುಡದಿಂದ ಓಕ್ ಚಿಗುರು ಮೊಣಕಾಲೆತ್ತರ ಬಂದಿತ್ತು. ಹುಲ್ಲು ದಟ್ಟವಾಗಿ, ಹಸಿರಾಗಿ, ಇಡೀ ಇಳಿಜಾರನ್ನು ತುಂಬಿತ್ತು; ಮೇಯುವುದಕ್ಕೆ ಒಂದು ಕುರಿಯೂ ಇರಲಿಲ್ಲ. ಹನ್ನೆರಡು ದಿನ ನಡೆದು ಇಪ್ಪತ್ತೇಳು ಆಮೆ ನೋಡಿದಳು. ಅವುಗಳಲ್ಲಿ ಹೆಣ್ಣು ಎಂಟೇ. ಮರಿಗಳು ಕಾಣಲಿಲ್ಲ. ಇವತ್ತು ಹುಟ್ಟಿದ ಮರಿ ಮೊಟ್ಟೆಯಿಡುವಷ್ಟು ದೊಡ್ಡದಾಗಲು ಹತ್ತು ಹನ್ನೆರಡು ವರ್ಷ ಬೇಕು ಎಂದು ಅವಳಿಗೆ ಗೊತ್ತಿತ್ತು. ತನಗೆ ಈಗ ಐವತ್ತೊಂಬತ್ತು ಎಂಬುದೂ ಗೊತ್ತಿತ್ತು. ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆದು, ಕೊನೆಯಲ್ಲಿ ವಾಂಗೆಲ ತೀರಿಕೊಂಡ ಸುದ್ದಿಯನ್ನು ಒಂದು ಸಾಲಿನಲ್ಲಿ ಸೇರಿಸಿ, ಟೀಚರಿಗೆ ಅಂಚೆಗೆ ಹಾಕಿದಳು.